ಬಡ ಹುಡುಗಿಯನ್ನು ಬೆಳೆಸಿದ್ದು ಪುಸ್ತಕವಾ, ಪುಸ್ತಕದ ಹಿಂದಿನ ದನಿಯಾ?

ಪ್ರಶ್ನೆ: ದಾವಣಗೆರೆಯಲ್ಲಿ ನನ್ನದೊಂದು ಸಣ್ಣ ಪ್ರಿಂಟಿಂಗ್ ಪ್ರೆಸ್ ಇದೆ. ‘ದಿ ಡೈಮಂಡ್ ಏಜ್’ ಅನ್ನೋ ಇಂಗ್ಲಿಷ್ ವೈಜ್ಞಾನಿಕ ಕಾದಂಬರಿ ಬಗ್ಗೆ ಗೆಳೆಯರೊಬ್ಬರು ಹೇಳಿದರು. ಅದರಲ್ಲಿ ಒಬ್ಬ ಬಡ ಹುಡುಗಿ ಮಾತಾಡುವ ಪುಸ್ತಕವೊಂದರಿಂದಲೇ ಓದು ಬರಹ ಕಲಿತು ದೊಡ್ಡ ಸ್ಥಾನಕ್ಕೆ ಏರುತ್ತಾಳಂತೆ. ಈಗ ಎಐ ಬಂದಿದೆ, ಅಂಥ ಪುಸ್ತಕ ನಿಜವಾಗಿಯೇ ಸಿಗುವ ಕಾಲ ಬಂತು ಅಂತಾರೆ. ನನ್ನ ಮಗಳು ಎಂಟನೇ ಕ್ಲಾಸು, ಇಂಗ್ಲಿಷ್ ಮೀಡಿಯಂ, ಟ್ಯೂಷನ್ನೂ ಇದೆ. ಅಕ್ಕನ ಮಗಳು ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಏಳನೇ ಕ್ಲಾಸು. ಆ ಹುಡುಗಿಗೆ ಒಂದು ಒಳ್ಳೆ ಟ್ಯಾಬ್, ಎಐ ಪಾಠದ ಆ್ಯಪ್ ಕೊಡಿಸಿದರೆ ಇಬ್ಬರ ನಡುವಿನ ಅಂತರ ಕಡಿಮೆಯಾಗುತ್ತಾ? ಆ ಕಾದಂಬರಿಯನ್ನು ನನ್ನ ಮಗಳಿಗೆ ಓದಲು ಕೊಡಬಹುದಾ?

ಉತ್ತರ:

ಟ್ಯಾಬ್ ಕೊಡಿಸಿ, ತಪ್ಪೇನಿಲ್ಲ. ಆದರೆ ಅದೊಂದರಿಂದಲೇ ಅಂತರ ಕಡಿಮೆಯಾಗುವುದಿಲ್ಲ. ಟ್ಯಾಬಿನ ಜೊತೆ ನೀವೂ ಬೇಕು. ಕಾದಂಬರಿಯನ್ನು ಮಗಳಿಗೆ ಈಗಲೇ ಕೊಡಬೇಡಿ, ಮೊದಲು ನೀವು ಓದಿ. ಯಾಕೆ ಅಂತ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ. ನಿಮ್ಮ ಪ್ರಶ್ನೆಗೆ ಆ ಕಾದಂಬರಿಯೊಳಗೇ ಒಳ್ಳೆಯ ಉತ್ತರ ಇದೆ. ನಿಮ್ಮ ಗೆಳೆಯರು ಹೇಳಿದ್ದು ಅರ್ಧ ಕಥೆ.

ಇದನ್ನು ಬರೆದವರು ಅಮೆರಿಕದ ನೀಲ್ ಸ್ಟೀಫನ್ಸನ್. 1995ರಲ್ಲಿ ಬಂತು, ಮರುವರ್ಷ ಹ್ಯೂಗೋ ಪ್ರಶಸ್ತಿ ಪಡೆಯಿತು. ಕಥೆ ನಡೆಯೋದು ಮುಂದೊಂದು ಕಾಲದ ಶಾಂಘೈಯಲ್ಲಿ. ಅಲ್ಲಿ ಜನ ದೇಶಗಳಾಗಿ ಉಳಿದಿಲ್ಲ, ಕುಲಗಳಾಗಿ ಹಂಚಿಹೋಗಿದ್ದಾರೆ. ಶ್ರೀಮಂತ ಕುಲವೊಂದು ಹಳೆಯ ವಿಕ್ಟೋರಿಯಾ ರಾಣಿ ಕಾಲದ ರೀತಿ ನೀತಿಯನ್ನು ಮತ್ತೆ ರೂಢಿ ಮಾಡಿಕೊಂಡಿದೆ. ಯಾವ ಕುಲಕ್ಕೂ ಸೇರದವರನ್ನು ಥೀಟ್‌ಗಳು ಅನ್ನುತ್ತಾರೆ. ನೆಲ್ ಅನ್ನೋ ಪುಟ್ಟ ಹುಡುಗಿ ಅಂಥ ಮನೆಯವಳು. ಅಪ್ಪ ಇಲ್ಲ. ಅಮ್ಮನ ಜೊತೆ ಬಂದು ಹೋಗುವ ಗಂಡಸರು ಹೊಡೆಯುತ್ತಾರೆ. ಇರೋದು ಹಾರ್ವ್ ಅನ್ನೋ ಅಣ್ಣ ಒಬ್ಬ.

ಶ್ರೀಮಂತ ಕುಲದ ಹಿರಿಯ ಫಿಂಕಲ್-ಮೆಗ್ರಾಗೆ ಒಂದು ಚಿಂತೆ. ತಮ್ಮ ಮಕ್ಕಳು ಒಳ್ಳೆ ಶಾಲೆಯಲ್ಲಿ ಓದಿ, ಹೇಳಿದ್ದನ್ನು ಕೇಳುವವರಾಗಿ, ಸಪ್ಪೆಯಾಗಿ ಬೆಳೆದುಬಿಡುತ್ತಿದ್ದಾರೆ ಅಂತ. ಮೊಮ್ಮಗಳು ಎಲಿಜಬೆತ್ ಹಾಗಾಗಬಾರದು. ಅವಳಿಗಾಗಿ ಹ್ಯಾಕ್‌ವರ್ತ್ ಅನ್ನೋ ಎಂಜಿನಿಯರ್ ಹತ್ತಿರ ಒಂದು ಪುಸ್ತಕ ಮಾಡಿಸುತ್ತಾರೆ. ಅದು ಮಾತಾಡುತ್ತದೆ, ಓದುವ ಮಗುವನ್ನು ಗುರುತಿಸುತ್ತದೆ, ಅವಳ ಬದುಕನ್ನೇ ಕಥೆ ಮಾಡಿ ಪಾಠ ಹೇಳುತ್ತದೆ. ಹ್ಯಾಕ್‌ವರ್ತ್ ತನ್ನ ಮಗಳು ಫಿಯೋನಾಗೂ ಇರಲಿ ಅಂತ ಗುಟ್ಟಾಗಿ ಇನ್ನೊಂದು ಪ್ರತಿ ಮಾಡುತ್ತಾನೆ. ದಾರಿಯಲ್ಲಿ ಪುಂಡ ಹುಡುಗರು ಅವನನ್ನು ಹೊಡೆದು ದೋಚುತ್ತಾರೆ. ಅವರಲ್ಲಿ ಹಾರ್ವ್ ಕೂಡ ಇದ್ದಾನೆ. ಕದ್ದ ಪುಸ್ತಕವನ್ನು ತಂಗಿಗೆ ತಂದುಕೊಡುತ್ತಾನೆ.

ನೆಲ್‌ಗೆ ಅಕ್ಷರ ಬರೋದಿಲ್ಲ. ಪುಸ್ತಕ ತೆರೆದರೆ ಅದರಲ್ಲಿ ನೆಲ್ ಅನ್ನೋ ರಾಜಕುಮಾರಿ ಕತ್ತಲ ಕೋಟೆಯಲ್ಲಿ ಬಂದಿಯಾಗಿದ್ದಾಳೆ. ಜೊತೆಗೆ ನಾಲ್ವರು ಗೆಳೆಯರು: ಡೈನೋಸಾರ್, ಬಾತುಕೋಳಿ, ಮೊಲ, ಪರ್ಪಲ್. ಯಾರು ಇವರು? ಮನೆಯಲ್ಲಿ ಅವಳ ಪಕ್ಕ ಮಲಗುವ ಬೊಂಬೆಗಳೇ. ಮಗು ಯಾವ ಲೋಕದಲ್ಲಿದೆಯೋ ಅಲ್ಲಿಂದಲೇ ಪಾಠ ಶುರು. ಅಲ್ಲಿಂದ ಅಕ್ಷರ, ಎಣಿಕೆ, ತನ್ನನ್ನು ತಾನು ಕಾಪಾಡಿಕೊಳ್ಳುವ ವಿದ್ಯೆ, ಮುಂದೆ ಕಂಪ್ಯೂಟರಿನ ತರ್ಕದವರೆಗೆ ಕಥೆಯ ದಾರಿಯಲ್ಲೇ ಹೋಗುತ್ತದೆ. ಶಿಕ್ಷಣದ ಬಗ್ಗೆ ನಾನು ಓದಿದ ಕಥೆಗಳಲ್ಲಿ ಇಷ್ಟು ಚೆನ್ನಾಗಿ ಮಗುವಿನ ಮನಸ್ಸು ಹಿಡಿದದ್ದು ತುಂಬಾ ಕಡಿಮೆ.

ಗೆಳೆಯರು ಬಿಟ್ಟ ಭಾಗ ಇಲ್ಲಿಂದ ಶುರುವಾಗುತ್ತದೆ. ಆ ಪುಸ್ತಕಕ್ಕೆ ಎಲ್ಲಾ ಬರುತ್ತದೆ, ಆದರೆ ಜೀವ ಇರುವ ದನಿ ಬರೋದಿಲ್ಲ. ಓದಿ ಹೇಳೋಕೆ ಮನುಷ್ಯರೇ ಬೇಕು. ಎಲ್ಲೋ ಒಂದು ನಾಟಕಶಾಲೆಯಲ್ಲಿ ಕೂತು, ಪರದೆ ಮೇಲೆ ಬಂದ ಸಾಲುಗಳನ್ನು ಅಭಿನಯಿಸುವ ಬಾಡಿಗೆ ಕಲಾವಿದರು ಆ ದನಿ ಕೊಡುತ್ತಾರೆ. ಯಾವ ಮಗುವಿಗೆ ಓದುತ್ತಿದ್ದೇವೆ ಅಂತ ಅವರಿಗೆ ಗೊತ್ತಿಲ್ಲ. ನೆಲ್‌ಗೆ ಓದುವವಳು ಮಿರಾಂಡಾ ಅನ್ನೋ ನಟಿ. ದಿನಾ ಬರುವ ಸಾಲುಗಳಿಂದಲೇ ಅವಳಿಗೆ ಅರ್ಥವಾಗುತ್ತಾ ಹೋಗುತ್ತದೆ: ಆ ಕಡೆ ಇರೋದು ಚಿಕ್ಕ ಹುಡುಗಿ, ಅವಳಿಗೆ ಮನೆಯಲ್ಲಿ ಯಾರೋ ಹಿಂಸೆ ಕೊಡುತ್ತಿದ್ದಾರೆ. ಅಂದಿನಿಂದ ಮಿರಾಂಡಾ ಆ ಕೆಲಸ ಬಿಡೋದಿಲ್ಲ. ಬೇರೆ ಅವಕಾಶ ಬಿಟ್ಟು ಈ ಮಗುವಿಗೇ ವರ್ಷಗಟ್ಟಲೆ ಓದುತ್ತಾಳೆ. ಮುಖ ನೋಡಿಲ್ಲ, ಎಲ್ಲಿದ್ದಾಳೆ ಅಂತ ಗೊತ್ತಿಲ್ಲ. ಆದರೂ ತಾಯಿಯಾಗುತ್ತಾಳೆ.

ಲೇಖಕರು ಇನ್ನೊಂದು ಕೆಲಸ ಮಾಡಿದ್ದಾರೆ, ಅದಕ್ಕೇ ಈ ಕಾದಂಬರಿಯನ್ನು ನಾನು ಶಿಕ್ಷಕರ ತರಬೇತಿಯಲ್ಲೂ ಪ್ರಸ್ತಾಪಿಸುತ್ತೇನೆ. ಅದೇ ಪುಸ್ತಕವನ್ನು ಬೇರೆ ಬೇರೆ ಮಕ್ಕಳ ಕೈಗೆ ಕೊಟ್ಟು ಏನಾಗುತ್ತದೆ ಅಂತ ತೋರಿಸಿದ್ದಾರೆ. ಎಲಿಜಬೆತ್‌ಗೆ ದಿನಕ್ಕೊಬ್ಬ ಹೊಸ ಕಲಾವಿದ ಓದುತ್ತಾನೆ. ಅವಳಿಗೆ ಪುಸ್ತಕದ ಜೊತೆ ನಂಟೇ ಬೆಳೆಯೋದಿಲ್ಲ. ಬಂಡಾಯ ಕಲಿಯುತ್ತಾಳೆ, ಮನೆ ಬಿಟ್ಟು ಹೋಗುತ್ತಾಳೆ. ಫಿಯೋನಾಗೂ ಆಮೇಲೆ ಬೇರೊಂದು ಪ್ರತಿ ಸಿಗುತ್ತದೆ. ಅವಳಿಗೆ ಬಹುಪಾಲು ಓದಿದ್ದು ದೂರದಲ್ಲಿರುವ ಅಪ್ಪನೇ. ಅವಳು ಕನಸುಗಾರ್ತಿಯಾಗಿ ನಾಟಕದ ಲೋಕ ಸೇರುತ್ತಾಳೆ. ನೆಲ್ ತನ್ನ ಕಾಲ ಮೇಲೆ ನಿಂತು ನಾಯಕಿಯಾಗುತ್ತಾಳೆ. ಇನ್ನು ಚೀನಾದ ಎರಡೂವರೆ ಲಕ್ಷ ಅನಾಥ ಹೆಣ್ಣುಮಕ್ಕಳು. ಅವರಿಗೂ ಪುಸ್ತಕ ಸಿಗುತ್ತದೆ. ಆದರೆ ಅಷ್ಟು ಮಕ್ಕಳಿಗೆ ಓದೋಕೆ ಅಷ್ಟು ಕಲಾವಿದರು ಎಲ್ಲಿಂದ ತರೋದು? ಯಂತ್ರದ ದನಿ ಹಾಕುತ್ತಾರೆ. ಆ ಮಕ್ಕಳು ಜಾಣರಾಗುತ್ತಾರೆ, ಶಿಸ್ತು ಕಲಿಯುತ್ತಾರೆ, ಒಟ್ಟಾಗಿ ಒಂದು ಸೈನ್ಯವೇ ಆಗುತ್ತಾರೆ. ಒಬ್ಬೊಬ್ಬಳೂ ತಾನೇ ತಾನಾಗಿ ಬೆಳೆಯೋದು ಮಾತ್ರ ಕಾಣೋದಿಲ್ಲ.

ಪುಸ್ತಕ ಒಂದೇ. ಅದರ ಹಿಂದೆ ಯಾರಿದ್ದರು, ಎಷ್ಟು ದಿನ ಇದ್ದರು ಅನ್ನೋದರ ಮೇಲೆ ನಾಲ್ಕು ಫಲ ಬಂತು.

ಒಂದು ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಅಮೆಜಾನ್ ಕಂಪನಿ ಇ-ಪುಸ್ತಕ ಓದುವ ಕಿಂಡಲ್ ಸಾಧನ ತಯಾರಿಸುವಾಗ ಆ ಯೋಜನೆಗೆ ಇಟ್ಟಿದ್ದ ಒಳಹೆಸರು ಫಿಯೋನಾ. ಈ ಕಾದಂಬರಿಯಿಂದಲೇ ತೆಗೆದದ್ದು. ಎಂಜಿನಿಯರ್ ಅಪ್ಪ ಇರುವ ಮಗುವಿನ ಹೆಸರು ಅದು. ಯಾರೂ ಇಲ್ಲದ ನೆಲ್‌ಳ ಹೆಸರು ಇಟ್ಟಿದ್ದರೆ ಅಂತ ನನಗೆ ಎಷ್ಟೋ ಸಲ ಅನ್ನಿಸಿದೆ.

ಬಡವ ಬಲ್ಲಿದರ ವಿಚಾರಕ್ಕೆ ಬರೋಣ. ಆ ಲೋಕದಲ್ಲಿ ಊಟ, ಕಂಬಳಿ ಎಲ್ಲಾ ಯಂತ್ರದಿಂದ ಪುಕ್ಕಟೆ ಬರುತ್ತದೆ. ಯಾರೂ ಹಸಿದು ಸಾಯೋದಿಲ್ಲ. ಹಾಗಾದರೆ ಬಡವ ಬಲ್ಲಿದ ಅನ್ನೋದು ಹೋಗಬೇಕಿತ್ತಲ್ವಾ? ಹೋಗಿಲ್ಲ. ಶ್ರೀಮಂತರು ಈಗ ಕೈಯಲ್ಲಿ ಮಾಡಿದ ವಸ್ತು ಬಳಸುತ್ತಾರೆ, ಮನುಷ್ಯರು ಕಲಿಸುವ ಶಾಲೆಗೆ ಮಕ್ಕಳನ್ನು ಕಳಿಸುತ್ತಾರೆ. ಯಂತ್ರ ಮಾಡುವ ವಸ್ತು ಅಗ್ಗವಾದ ಮೇಲೆ ಮನುಷ್ಯರ ಸಮಯವೇ ದುಬಾರಿಯಾಯಿತು. ನಮ್ಮ ಕಾಲದಲ್ಲೂ ಇದರ ಗುರುತು ಕಾಣುತ್ತದೆ. ಸಿಲಿಕಾನ್ ಕಣಿವೆಯ ದೊಡ್ಡ ಕಂಪನಿಗಳ ನೌಕರರು ತಮ್ಮ ಮಕ್ಕಳನ್ನು ಕಂಪ್ಯೂಟರೇ ಇಲ್ಲದ ವಾಲ್ಡಾರ್ಫ್ ಶಾಲೆಗೆ ಕಳಿಸುವುದು 2011ರಲ್ಲೇ ದೊಡ್ಡ ಸುದ್ದಿಯಾಗಿತ್ತು. ನಿಮ್ಮ ಮನೆಯನ್ನೇ ನೋಡಿ. ಮಗಳಿಗೆ ಟ್ಯೂಷನ್ ಇದೆ, ಅಂದರೆ ಎದುರಿಗೆ ಕೂತು ಕಲಿಸುವ ಮನುಷ್ಯರಿದ್ದಾರೆ. ಅಕ್ಕನ ಮಗಳಿಗೆ ಟ್ಯಾಬ್ ಯೋಚಿಸುತ್ತಿದ್ದೀರಿ. ನಿಮ್ಮ ಮನಸ್ಸು ಒಳ್ಳೆಯದು, ಅದರಲ್ಲಿ ಅನುಮಾನವೇ ಇಲ್ಲ. ಆದರೆ ಯಾರಿಗೆ ಮನುಷ್ಯರು, ಯಾರಿಗೆ ಯಂತ್ರ ಅನ್ನೋ ಹಂಚಿಕೆ ಹೀಗೆ ನಮಗೆ ಗೊತ್ತಿಲ್ಲದೇ ಆಗಿಬಿಡುತ್ತದೆ.

ಕಥೆ ಬಿಡಿ, ನಿಜವಾಗಿ ಏನಾಗಿದೆ ಅಂತ ಕೇಳುತ್ತೀರಿ. ಕಲಿಸುವ ಯಂತ್ರದ ಆಸೆ ಹೊಸದೇನಲ್ಲ. ಅಮೆರಿಕದಲ್ಲಿ ಸಿಡ್ನಿ ಪ್ರೆಸ್ಸಿ 1920ರ ದಶಕದಲ್ಲೇ ಅಂಥದ್ದೊಂದು ಪೆಟ್ಟಿಗೆ ಮಾಡಿದ್ದರು. ಮನೋವಿಜ್ಞಾನಿ ಬಿ. ಎಫ್. ಸ್ಕಿನ್ನರ್ 1953ರಲ್ಲಿ ಮಗಳ ಗಣಿತದ ತರಗತಿಗೆ ಹೋಗಿ ಕೂತು, ಎಲ್ಲಾ ಮಕ್ಕಳಿಗೂ ಒಂದೇ ವೇಗದಲ್ಲಿ ಪಾಠ ಓಡೋದನ್ನು ನೋಡಿ ಬೇಸತ್ತು ತಮ್ಮ ಯಂತ್ರ ಮಾಡಿದರು. 1984ರಲ್ಲಿ ಶಿಕ್ಷಣ ತಜ್ಞ ಬೆಂಜಮಿನ್ ಬ್ಲೂಮ್ ಒಂದು ಲೆಕ್ಕ ಮುಂದಿಟ್ಟರು. ಒಬ್ಬೊಬ್ಬರಿಗೇ ಪ್ರತ್ಯೇಕವಾಗಿ ಕಲಿಸಿದರೆ ಸಾಧಾರಣ ವಿದ್ಯಾರ್ಥಿ ಕೂಡ ಮಾಮೂಲಿ ತರಗತಿಯ ಶೇ. 98ರಷ್ಟು ಮಕ್ಕಳನ್ನು ಮೀರಿಸುತ್ತಾನೆ ಅಂತ. ಪ್ರತಿ ಮಗುವಿಗೂ ಒಬ್ಬ ಮೇಷ್ಟ್ರನ್ನು ಇಡೋಕೆ ಯಾವ ದೇಶಕ್ಕೂ ದುಡ್ಡಿಲ್ಲ. ಯಂತ್ರದಿಂದ ಆಗುತ್ತಾ ಅಂತ ಆಗಿನಿಂದ ಎಲ್ಲರೂ ಇದನ್ನೇ ಬೆನ್ನತ್ತಿದ್ದಾರೆ.

ಬ್ಲೂಮ್ ಹೇಳಿದಷ್ಟು ದೊಡ್ಡ ಲಾಭ ಮುಂದಿನ ಅಧ್ಯಯನಗಳಲ್ಲಿ ಕಾಣಲಿಲ್ಲ. 2011ರಲ್ಲಿ ಕರ್ಟ್ ವ್ಯಾನ್‌ಲೆನ್ ಅಲ್ಲಿಯವರೆಗಿನ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದರು. ಹಂತ ಹಂತವಾಗಿ ತಪ್ಪು ತಿದ್ದುವ ಒಳ್ಳೆಯ ಸಾಫ್ಟ್‌ವೇರ್, ಮನುಷ್ಯ ಶಿಕ್ಷಕರಿಗೆ ಹೆಚ್ಚುಕಮ್ಮಿ ಸಮ ಅಂತ ಬಂತು. ಇದನ್ನು ನಾನು ಮುಚ್ಚಿಡೋದಿಲ್ಲ. ಲೆಕ್ಕದಲ್ಲಿ ಎಲ್ಲಿ ಎಡವಿದೆ ಅಂತ ಹಿಡಿದು ತೋರಿಸೋ ಕೆಲಸವನ್ನು ಯಂತ್ರ ಚೆನ್ನಾಗಿಯೇ ಮಾಡುತ್ತದೆ. ಈಗಿನ ಎಐ ಇನ್ನೂ ಚೆನ್ನಾಗಿ ಮಾಡಬಹುದು. ತೊಡಕು ಇರೋದು ಬೇರೆ ಕಡೆ. ಮಗು ಅದರ ಮುಂದೆ ಕೂರಬೇಕಲ್ಲ! ಅಮೆರಿಕದಲ್ಲಿ ಆನ್‌ಲೈನ್ ಗಣಿತದ ಕಾರ್ಯಕ್ರಮಗಳ ಬಗ್ಗೆ ಲಾರೆನ್ಸ್ ಹೋಲ್ಟ್ 2024ರಲ್ಲಿ ಬರೆದದ್ದು ಓದಿ ತುಂಬಾ ಯೋಚಿಸಿದ್ದೇನೆ. ಕಂಪನಿಗಳು ಹೇಳಿದಷ್ಟು ಹೊತ್ತು ಅವನ್ನು ಬಳಸುವ ಮಕ್ಕಳು ಸುಮಾರು ಶೇ. 5 ಮಾತ್ರ. ಲಾಭ ಆಗಿದೆ ಅಂತ ತೋರಿಸುವ ಅಂಕಿಗಳು ಹೆಚ್ಚಾಗಿ ಈ ಮಕ್ಕಳದೇ. ಉಳಿದವರ ಮಾತೇ ಬರೋದಿಲ್ಲ.

ನಮ್ಮ ದೇಶದ್ದೇ ಉದಾಹರಣೆ ನೋಡೋಣ. 1999ರಲ್ಲಿ ಕಂಪ್ಯೂಟರ್ ತರಬೇತಿ ಕಂಪನಿಯೊಂದರಲ್ಲಿದ್ದ ಸುಗತ ಮಿತ್ರಾ ದೆಹಲಿಯ ಕಾಲ್ಕಾಜಿಯಲ್ಲಿ, ತಮ್ಮ ಕಚೇರಿ ಪಕ್ಕದ ಕೊಳೆಗೇರಿ ಕಡೆಯ ಗೋಡೆಯಲ್ಲಿ ತೂತು ಮಾಡಿ ಕಂಪ್ಯೂಟರ್ ಇಟ್ಟರು. ಮಕ್ಕಳು ಯಾರೂ ಹೇಳಿಕೊಡದೆ ಅದನ್ನು ಓಡಿಸೋಕೆ ಕಲಿತರು. ಜಗತ್ತೆಲ್ಲ ಸುದ್ದಿಯಾಯಿತು, 2013ರಲ್ಲಿ ಅವರಿಗೆ 10 ಲಕ್ಷ ಡಾಲರಿನ ಟೆಡ್ ಬಹುಮಾನವೂ ಬಂತು. ಆದರೆ ಹೀಗೆ ಕಂಪ್ಯೂಟರ್ ಇಟ್ಟ ಜಾಗಗಳಿಗೆ ಹೋಗಿ ನೋಡಿದ ಸಂಶೋಧಕರು ಬೇರೆ ಮಾತೂ ಬರೆದರು. ಗಂಡುಹುಡುಗರೇ ಮುತ್ತಿಕೊಂಡು ಆಟ ಆಡುತ್ತಿದ್ದರು, ಹೆಣ್ಣುಮಕ್ಕಳು ಹಿಂದೆ ಉಳಿದರು ಅಂತ.

ಮಿತ್ರಾ ಅವರ ಮುಂದಿನ ಪ್ರಯೋಗ ನನಗೆ ಇದಕ್ಕಿಂತ ಮುಖ್ಯ ಅನ್ನಿಸುತ್ತದೆ. ತಮಿಳುನಾಡಿನ ಕಳಿಕುಪ್ಪಂ ಅನ್ನೋ ಹಳ್ಳಿಯಲ್ಲಿ ತಮಿಳು ಮಾತ್ರ ಬಲ್ಲ ಮಕ್ಕಳಿಗೆ ಇಂಗ್ಲಿಷಿನಲ್ಲಿದ್ದ ಜೀವವಿಜ್ಞಾನದ ಪಾಠಗಳನ್ನು ಕಂಪ್ಯೂಟರಿನಲ್ಲಿ ಹಾಕಿಟ್ಟರು. ಮಕ್ಕಳು ತಾವೇ ಗುದ್ದಾಡಿ ನೂರಕ್ಕೆ ಸುಮಾರು 30 ಅಂಕದವರೆಗೆ ಬಂದರು. ಅದು ಸಣ್ಣ ಸಾಧನೆ ಅಲ್ಲ. ಆಮೇಲೆ ಅದೇ ಊರಿನ ಒಬ್ಬ ಯುವತಿಯನ್ನು ಜೊತೆಗೆ ಇಟ್ಟರು. ಆಕೆಗೆ ಜೀವವಿಜ್ಞಾನ ಬರುತ್ತಿರಲಿಲ್ಲ. ಕೆಲಸ ಇಷ್ಟೇ: ಮಕ್ಕಳ ಹಿಂದೆ ನಿಲ್ಲೋದು, ‘ಇದೇನು, ಹೇಗೆ ಮಾಡಿದೆ, ನನಗೂ ತೋರಿಸು’ ಅಂತ ಕೇಳೋದು, ಮೆಚ್ಚಿ ಮಾತಾಡೋದು. ಅಂಕ 50ರ ಹತ್ತಿರ ಹೋಯಿತು. 2009ರಲ್ಲಿ ಬ್ರಿಟನ್ನಿನ ನಿವೃತ್ತ ಶಿಕ್ಷಕಿಯರು, ಅಜ್ಜಿಯರು ಸ್ಕೈಪ್ ಮೂಲಕ ಭಾರತದ ಮಕ್ಕಳಿಗೆ ಕಥೆ ಓದುವ ವ್ಯವಸ್ಥೆಯನ್ನೂ ಮಿತ್ರಾ ಕಟ್ಟಿದರು. ಮಿರಾಂಡಾ ಕಾದಂಬರಿಯಿಂದ ಎದ್ದು ಬಂದ ಹಾಗಿತ್ತು. ಕಂಪ್ಯೂಟರ್ ಸಾಕು ಅಂತ ಹೊರಟವರೇ ಕೊನೆಗೆ ಅಜ್ಜಿಯರನ್ನು ಕರೆದರು.

ಮಗುವಿಗೊಂದು ಲ್ಯಾಪ್‌ಟಾಪ್ ಅನ್ನೋ ಯೋಜನೆಯೂ ಒಂದಿತ್ತು. ನಿಕೊಲಾಸ್ ನೆಗ್ರೊಪಾಂಟೆ 2005ರಲ್ಲಿ 100 ಡಾಲರಿಗೆ ಲ್ಯಾಪ್‌ಟಾಪ್ ಕೊಡುತ್ತೇವೆ ಅಂದರು. ಬೆಲೆ ಕೊನೆಗೆ ಸುಮಾರು ದುಪ್ಪಟ್ಟಾಯಿತು. ಪೆರು ದೇಶ ಲಕ್ಷಗಟ್ಟಲೆ ಕೊಂಡು ಹಂಚಿತು. 319 ಹಳ್ಳಿ ಶಾಲೆಗಳನ್ನು ಹೋಲಿಸಿ ನೋಡಿದ ಅಧ್ಯಯನ 2012ರಲ್ಲಿ ಬಂತು. ಗಣಿತ, ಭಾಷೆ ಎರಡರಲ್ಲೂ ಮಕ್ಕಳು ಮುಂದೆ ಹೋಗಿರಲಿಲ್ಲ. ಯೋಚನಾ ಸಾಮರ್ಥ್ಯದ ಕೆಲವು ಪರೀಕ್ಷೆಗಳಲ್ಲಿ ಸ್ವಲ್ಪ ಲಾಭ ಕಂಡಿತ್ತು, ಅಷ್ಟೇ.

ನಮ್ಮ ಬೆಂಗಳೂರಿನಲ್ಲೇ ಆದ ಒಂದು ಕೆಲಸ ಮಾತ್ರ ನನಗೆ ತುಂಬಾ ಇಷ್ಟ. ಮೈಕ್ರೋಸಾಫ್ಟ್ ರಿಸರ್ಚ್ ಇಂಡಿಯಾದ ಉದಯ್ ಸಿಂಗ್ ಪವಾರ್, ಜೊಯೊಜೀತ್ ಪಾಲ್, ಕೆಂಟಾರೊ ಟೊಯಾಮಾ ಹಳ್ಳಿ ಶಾಲೆಗಳಲ್ಲಿ ಒಂದೇ ಕಂಪ್ಯೂಟರಿಗೆ ಐದಾರು ಮಕ್ಕಳು ಮುತ್ತಿರೋದನ್ನು ಗಮನಿಸಿದರು. ಮೌಸ್ ಒಬ್ಬರ ಕೈಯಲ್ಲಿ, ಉಳಿದವರು ಬರೀ ನೋಡೋದು. ಅವರು ಒಂದೇ ಕಂಪ್ಯೂಟರಿಗೆ ಐದು ಮೌಸ್ ಸಿಕ್ಕಿಸಿದರು, ಪ್ರತಿ ಮಗುವಿಗೆ ಪರದೆ ಮೇಲೆ ಬೇರೆ ಬೇರೆ ಬಾಣ. 238 ಮಕ್ಕಳ ಮೇಲೆ ಇಂಗ್ಲಿಷ್ ಪದ ಕಲಿಸಿ ಪರೀಕ್ಷಿಸಿ 2007ರಲ್ಲಿ ಪ್ರಕಟಿಸಿದರು. ಐದು ಮಕ್ಕಳು ಹಂಚಿಕೊಂಡರೂ ಒಬ್ಬನೇ ಒಂದು ಕಂಪ್ಯೂಟರ್ ಬಳಸಿದಷ್ಟೇ ಕಲಿತಿದ್ದರು. ಯಾರು ಮೊದಲು ಒತ್ತುತ್ತಾರೆ ಅನ್ನೋ ಪೈಪೋಟಿಯ ಆಟಕ್ಕೂ, ಎಲ್ಲರೂ ಒಪ್ಪಿ ಮುಂದೆ ಹೋಗುವ ಆಟಕ್ಕೂ ಫಲ ಬೇರೆ ಬೇರೆ ಬಂತು. ಟೊಯಾಮಾ ಮುಂದೆ ಇಂಥ ಅನುಭವಗಳಿಂದಲೇ ಒಂದು ಮಾತು ಹೇಳಿದರು: ತಂತ್ರಜ್ಞಾನ ಇರೋದನ್ನು ಹೆಚ್ಚಿಸುತ್ತದೆ, ಇಲ್ಲದ್ದನ್ನು ತಂದುಕೊಡೋದಿಲ್ಲ. ಒಳ್ಳೆ ಶಾಲೆ ಇನ್ನಷ್ಟು ಒಳ್ಳೆಯದಾಗುತ್ತದೆ, ಕೆಟ್ಟು ನಿಂತ ಶಾಲೆಯಲ್ಲಿ ಕಂಪ್ಯೂಟರ್ ಧೂಳು ಹಿಡಿಯುತ್ತದೆ.

ಆ ಧೂಳು ನಾನೂ ನೋಡಿದ್ದೇನೆ. ಒಂದು ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆ. ಕಂಪ್ಯೂಟರ್ ಕೋಣೆಗೆ ಬೀಗ, ಕೀಲಿಮಣೆಗಳ ಮೇಲೆ ಬಂದಾಗಿನ ಪ್ಲಾಸ್ಟಿಕ್ ಹಾಗೇ ಇತ್ತು. ಕೆಟ್ಟರೆ ಯಾರು ಉತ್ತರ ಕೊಡೋದು ಅನ್ನೋ ಭಯದಿಂದ ಯಾರೂ ತೆಗೆದಿರಲಿಲ್ಲ. ಆಮೇಲೆ ಗಣಿತಕ್ಕೆ ಹೊಸ ಮೇಡಂ ಬಂದರು. ಮುಂದಿನ ಸಲ ನಾನು ಹೋದಾಗ ಅದೇ ಕೋಣೆ, ಅವೇ ಹಳೇ ಯಂತ್ರ. ಒಂದೊಂದರ ಮುಂದೆ ಮೂವರು ಮಕ್ಕಳು. ಸ್ವಲ್ಪ ಹೊತ್ತಿಗೊಮ್ಮೆ ಮೇಡಂ ಚಪ್ಪಾಳೆ ತಟ್ಟುತ್ತಿದ್ದರು, ಮೌಸ್ ಪಕ್ಕದವರ ಕೈಗೆ ಹೋಗಬೇಕು. ಒಬ್ಬ ಹುಡುಗಿ ಮೌಸ್ ಮುಟ್ಟದೆ ಬೆರಳಲ್ಲಿ ಪರದೆ ತೋರಿಸಿ ಪಕ್ಕದ ಹುಡುಗನಿಗೆ ಹೇಳುತ್ತಿದ್ದಳು. ಮೇಡಂ ಬಂದು ಏನೂ ಬೈಯದೆ ಅವಳ ಕೈಯನ್ನೇ ಹಿಡಿದು ಮೌಸ್ ಮೇಲೆ ಇಟ್ಟು, ಅಲ್ಲೇ ನಿಂತರು. ಭಿನ್ನರಾಶಿ ಕೂಡುವ ಆಟ ಅದು. ಎರಡು ಸಲ ತಪ್ಪು ಒತ್ತಿದಳು. ಮೂರನೇ ಸಲ ಸರಿ ಬಂತು. ಮೇಡಂ ‘ಹೇಗೆ ಬಂತು, ಇವನಿಗೆ ಹೇಳು’ ಅಂದರು. ಆ ಹುಡುಗಿ ಹೇಳಿಕೊಟ್ಟಳು. ಯಂತ್ರದಿಂದ ಆಗೋದೂ, ಮನುಷ್ಯರಿಂದ ಆಗೋದೂ ಆ ಐದು ನಿಮಿಷದಲ್ಲೇ ಇತ್ತು.

ಹಾಗಂತ ಸಾಫ್ಟ್‌ವೇರ್ ಕೆಲಸ ಮಾಡಿದ ಉದಾಹರಣೆ ಇಲ್ಲವೇ? ಇದೆ, ಅದೂ ದೊಡ್ಡದೇ. ದೆಹಲಿಯಲ್ಲಿ ಮೈಂಡ್‌ಸ್ಪಾರ್ಕ್ ಅನ್ನೋ ಕಾರ್ಯಕ್ರಮವನ್ನು ಕಾರ್ತಿಕ್ ಮುರಳೀಧರನ್, ಅಭಿಜೀತ್ ಸಿಂಗ್, ಅಲೆಹಾಂಡ್ರೋ ಗಾನಿಮಿಯನ್ ಪರೀಕ್ಷಿಸಿ 2019ರಲ್ಲಿ ಪ್ರಕಟಿಸಿದರು. ನಾಲ್ಕೂವರೆ ತಿಂಗಳಲ್ಲೇ ಮಕ್ಕಳು ಗಣಿತದಲ್ಲೂ ಹಿಂದಿಯಲ್ಲೂ ಉಳಿದವರಿಗಿಂತ ಸಾಕಷ್ಟು ಮುಂದೆ ಹೋದರು. ಯಾಕೆ ಕೆಲಸ ಮಾಡಿತು? ಆರನೇ ಕ್ಲಾಸಿನ ಮಕ್ಕಳು ಗಣಿತದಲ್ಲಿ ಸರಾಸರಿ ಎರಡೂವರೆ ತರಗತಿ ಹಿಂದಿದ್ದರು. ಶಾಲೆ ಆರನೇ ಕ್ಲಾಸಿನ ಪಾಠವನ್ನೇ ಮಾಡುತ್ತಿತ್ತು. ಸಾಫ್ಟ್‌ವೇರ್ ಮಾತ್ರ ಮಗು ನಿಜವಾಗಿ ಎಲ್ಲಿದೆಯೋ ಅಲ್ಲಿಂದ, ಅದರ ಭಾಷೆಯಲ್ಲೇ ಶುರು ಮಾಡಿತು. ಎಷ್ಟೋ ಜನ ಬಿಟ್ಟುಬಿಡುವ ವಿವರ ಇನ್ನೊಂದಿದೆ. ಮಕ್ಕಳು ವಾರಕ್ಕೆ ಆರು ದಿನ ಒಂದು ಕೇಂದ್ರಕ್ಕೆ ಬರುತ್ತಿದ್ದರು. ದಿನಕ್ಕೆ 90 ನಿಮಿಷ. ಅದರಲ್ಲಿ ಅರ್ಧ ಹೊತ್ತು ಕಂಪ್ಯೂಟರ್, ಅರ್ಧ ಹೊತ್ತು ಸಣ್ಣ ಗುಂಪಿನಲ್ಲಿ ಸಹಾಯಕ ಶಿಕ್ಷಕರ ಜೊತೆ. ಟ್ಯಾಬನ್ನು ಮನೆಗೆ ಕಳಿಸಿ ಕೈತೊಳೆದುಕೊಂಡ ಯೋಜನೆ ಅಲ್ಲ ಅದು.

ಕೊರೊನಾ ಕಾಲದಲ್ಲಿ ಇದೆಲ್ಲ ನಮಗೇ ಅನುಭವಕ್ಕೆ ಬಂತು. ಹಳ್ಳಿ ಮಕ್ಕಳ ಕಲಿಕೆ ಬಗ್ಗೆ ನಡೆಯುವ ಅಸರ್ ಸಮೀಕ್ಷೆಯ 2021ರ ವರದಿ ಪ್ರಕಾರ ದೇಶದ ಹಳ್ಳಿಗಳಲ್ಲಿ ಶೇ. 67.6ರಷ್ಟು ಮಕ್ಕಳ ಮನೆಯಲ್ಲಿ ಸ್ಮಾರ್ಟ್‌ಫೋನ್ ಇತ್ತು. ಆದರೆ ಫೋನ್ ಇದ್ದ ಮನೆಗಳಲ್ಲೂ ಕಾಲುಭಾಗದಷ್ಟು ಮಕ್ಕಳ ಕೈಗೆ ಅದು ಓದೋಕೆ ಸಿಗುತ್ತಲೇ ಇರಲಿಲ್ಲ. ನಮ್ಮ ರಾಜ್ಯದಲ್ಲಿ 2020ರ ಆಗಸ್ಟಿನಲ್ಲಿ ವಿದ್ಯಾಗಮ ಶುರುವಾಯಿತು. ಮೇಷ್ಟ್ರುಗಳೇ ಊರೊಳಗೆ ಬಂದು, ದೇವಸ್ಥಾನದ ಜಗಲಿ, ಮರದ ನೆರಳಲ್ಲಿ ಮಕ್ಕಳನ್ನು ಕೂರಿಸಿಕೊಂಡರು. ಸೋಂಕಿನ ಭಯದಿಂದ ಅಕ್ಟೋಬರಿನಲ್ಲಿ ನಿಲ್ಲಿಸಬೇಕಾಯಿತು. ಆ ಎರಡು ತಿಂಗಳು ನಮ್ಮ ಸರ್ಕಾರಿ ಶಿಕ್ಷಕರು ಮಾಡಿದ ಕೆಲಸವನ್ನು ನಾವು ಇನ್ನೂ ಸರಿಯಾಗಿ ನೆನೆದಿಲ್ಲ.

ಈಗ ನಿಮ್ಮ ಅಕ್ಕನ ಮಗಳ ವಿಷಯ.

ಟ್ಯಾಬ್ ತರುವ ಮೊದಲು ಅವಳು ಎಲ್ಲಿದ್ದಾಳೆ ಅಂತ ನೋಡಿ. ಏಳನೇ ಕ್ಲಾಸಿನ ಪುಸ್ತಕ ಇಟ್ಟುಕೊಂಡು ಪರೀಕ್ಷೆ ಮಾಡಬೇಡಿ. ನಾಲ್ಕನೇ ಕ್ಲಾಸಿನ ಕನ್ನಡ ಪುಸ್ತಕದಿಂದ ಒಂದು ಪುಟ ಓದಿಸಿ, ಒಂದು ಭಾಗಾಕಾರ ಕೊಡಿ. ಅಲ್ಲಿ ತಡವರಿಸಿದರೆ ಅಲ್ಲಿಂದಲೇ ಶುರು. ಹೆದರಬೇಡಿ, ಬೈಯಲೂಬೇಡಿ. ದೆಹಲಿಯ ಮಕ್ಕಳ ಕಥೆ ಈಗಷ್ಟೇ ಹೇಳಿದೆನಲ್ಲ.

ಆ್ಯಪ್ ಕನ್ನಡದಲ್ಲಿ ಇರಲಿ, ಕನಿಷ್ಠ ಗಣಿತ ವಿಜ್ಞಾನಕ್ಕೆ. ದುಡ್ಡು ಕೊಟ್ಟು ವರ್ಷದ ಚಂದಾ ಕಟ್ಟುವ ಅವಸರ ಬೇಡ. ನಮ್ಮ ಪಠ್ಯಪುಸ್ತಕಗಳಲ್ಲಿ ಕ್ಯೂಆರ್ ಕೋಡ್ ಇದೆ, ಸರ್ಕಾರದ ದೀಕ್ಷಾ ಆ್ಯಪಿನಲ್ಲಿ ಪಾಠಗಳು ಪುಕ್ಕಟೆ ಸಿಗುತ್ತವೆ. ಮೊದಲು ಅದನ್ನು ಬಳಸಲಿ. ಎಐ ಬಳಸಿದರೆ ಒಂದು ಕಟ್ಟುನಿಟ್ಟು ಮಾಡಿ: ಉತ್ತರ ಕೇಳೋದಲ್ಲ, ತಾನು ಮಾಡಿದ ಲೆಕ್ಕ ತೋರಿಸಿ ‘ಎಲ್ಲಿ ತಪ್ಪಿದೆ’ ಅಂತ ಕೇಳೋದು. ಅದು ಹೇಳಿದ್ದನ್ನು ಪುಸ್ತಕದಲ್ಲಿ ಒಮ್ಮೆ ನೋಡಿಕೊಳ್ಳಲಿ. ಎಐ ಧೈರ್ಯವಾಗಿ ತಪ್ಪು ಹೇಳುವುದುಂಟು.

ಟ್ಯಾಬ್ ಯಾರದು ಅನ್ನೋದು ಮೊದಲ ದಿನವೇ ಮನೆಯಲ್ಲಿ ಎಲ್ಲರಿಗೂ ತಿಳಿಯಲಿ. ಮನೆಯಲ್ಲಿ ಅಣ್ಣನೋ ತಮ್ಮನೋ ಇದ್ದರೆ ಒಂದೇ ವಾರದಲ್ಲಿ ಅದು ಅವನದಾಗುತ್ತದೆ. ನಿಮ್ಮ ಅಕ್ಕನಿಗೆ ಇದನ್ನು ಬಾಯಿ ಬಿಟ್ಟು ಹೇಳಿ, ಸಂಕೋಚ ಬೇಡ. ಸಂಜೆ ಇಷ್ಟು ಹೊತ್ತಿನಿಂದ ಇಷ್ಟು ಹೊತ್ತಿಗೆ ಅವಳಿಗೆ ಮನೆಗೆಲಸ ಹೇಳಬಾರದು ಅನ್ನೋದನ್ನೂ ಹೇಳಿ. ಆ ಒಂದು ಗಂಟೆ ಬಿಡುವು ಟ್ಯಾಬಿಗಿಂತ ದೊಡ್ಡ ಉಡುಗೊರೆ. ಓರಗೆಯ ಇಬ್ಬರು ಹುಡುಗಿಯರು ಜೊತೆಗೆ ಕೂತರೆ ಇನ್ನೂ ಒಳ್ಳೆಯದು. ಊರಿನ ಗ್ರಾಮ ಪಂಚಾಯಿತಿ ಗ್ರಂಥಾಲಯ, ಈಗ ಅರಿವು ಕೇಂದ್ರ ಅಂತಾರಲ್ಲ, ಅಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ ಸದಸ್ಯತ್ವ ಪುಕ್ಕಟೆ. ನೋಂದಾಯಿಸಿ ಬನ್ನಿ.

ಇನ್ನು ನೀವು. ವಾರಕ್ಕೆ ಎರಡು ಸಲ, ಒಂದೇ ಹೊತ್ತಿಗೆ, ಅವಳಿಗೆ ಫೋನ್ ಮಾಡಿ. ‘ಓದಿದ್ಯಾ’ ಅಂತ ಕೇಳಬೇಡಿ, ಎಲ್ಲಾ ಮಕ್ಕಳೂ ‘ಹ್ಞೂ’ ಅಂತಾರೆ. ‘ಇವತ್ತು ಕಲಿತದ್ದು ನನಗೆ ಹೇಳಿಕೊಡು’ ಅನ್ನಿ. ನಿಮಗೆ ಏಳನೇ ಕ್ಲಾಸಿನ ವಿಜ್ಞಾನ ಮರೆತಿದ್ದರೆ ಇನ್ನೂ ಒಳ್ಳೆಯದು. ಕಳಿಕುಪ್ಪಂನ ಆ ಯುವತಿಗೂ ಬರುತ್ತಿರಲಿಲ್ಲ. ಮಾವ ಕೇಳುತ್ತಾನೆ ಅಂತ ಗೊತ್ತಾದರೆ ಹುಡುಗಿ ಓದುತ್ತಾಳೆ. ಒಂದು ವಾರ ತಪ್ಪಿಸಿದರೂ ಅವಳಿಗೆ ತಿಳಿಯುತ್ತದೆ, ಅದಕ್ಕೇ ಆಗುವಷ್ಟನ್ನೇ ಒಪ್ಪಿಕೊಳ್ಳಿ. ರಜೆಯಲ್ಲಿ ಮನೆಗೆ ಕರೆಸಿಕೊಳ್ಳಿ, ಪ್ರೆಸ್ ತೋರಿಸಿ, ಅಚ್ಚಿಗೆ ಹೋಗುವ ಮೊದಲು ಒಂದು ಕರಪತ್ರದ ಕರಡು ತಿದ್ದಲು ಕೊಡಿ. ನಿಮ್ಮ ಮಗಳೂ ಜೊತೆಗೆ ಕೂರಲಿ. ಮಗಳಿಗೆ ಇಂಗ್ಲಿಷ್ ಚೆನ್ನಾಗಿರಬಹುದು, ಕನ್ನಡದ ಕಾಗುಣಿತದಲ್ಲಿ ಅಕ್ಕನ ಮಗಳೇ ಮುಂದಿರಬಹುದು. ಅದು ಇಬ್ಬರಿಗೂ ತಿಳಿಯೋದು ಒಳ್ಳೆಯದು.

ಆ್ಯಪ್ ಒಳ್ಳೆಯದಾ ಕೆಟ್ಟದ್ದಾ ಅಂತ ತಿಳಿಯೋಕೆ ನಾನು ನೋಡೋದು ಒಂದೇ. ಕಾದಂಬರಿಯ ಪುಸ್ತಕ ನೆಲ್‌ಳನ್ನು ತನ್ನಿಂದ ಹೊರಗೆ ಕಳಿಸುತ್ತದೆ. ಮನೆ ಬಿಟ್ಟು ಓಡು ಅಂತ ಹೇಳುತ್ತದೆ, ಶಾಲೆಗೆ ಸೇರುವಂತೆ ಬೆಳೆಸುತ್ತದೆ, ಕೊನೆಗೆ ತನ್ನ ಕಟ್ಟುಪಾಡನ್ನೇ ಅವಳು ಬಿಡಿಸಿ ನೋಡುವಷ್ಟು ಕಲಿಸುತ್ತದೆ. ಬೆಳೆದ ನೆಲ್ ಇಷ್ಟು ದಿನ ತನಗೆ ಓದಿದ್ದು ಯಾರು ಅಂತ ಹುಡುಕಿಕೊಂಡು ಹೊರಡುತ್ತಾಳೆ. ಹುಡುಗಿ ಹೆಣ್ಣಾಗುವ ಕಥೆ ಅಂದರೆ ಅದೇ. ಆದರೆ ಎಷ್ಟೋ ಆ್ಯಪ್‌ಗಳು ಮಗುವನ್ನು ತಮ್ಮಲ್ಲೇ ಹಿಡಿದಿಟ್ಟುಕೊಳ್ಳೋಕೆ ಮಾಡಿದವು. ದಿನಾ ಬರಲಿಲ್ಲ ಅಂತ ನೆನಪಿಸುತ್ತವೆ, ನಕ್ಷತ್ರ ಕೊಡುತ್ತವೆ. ಎರಡು ತಿಂಗಳ ಮೇಲೆ ನೋಡಿ. ಹುಡುಗಿ ಕ್ಲಾಸಿನಲ್ಲಿ ಎದ್ದು ಪ್ರಶ್ನೆ ಕೇಳೋಕೆ ಶುರು ಮಾಡಿದ್ದರೆ, ಗ್ರಂಥಾಲಯದಿಂದ ಪುಸ್ತಕ ತರುತ್ತಿದ್ದರೆ, ಆ್ಯಪ್ ಇರಲಿ. ಬರೀ ನಕ್ಷತ್ರದ ಲೆಕ್ಕ ಹೇಳುತ್ತಿದ್ದರೆ ತೆಗೆದುಬಿಡಿ.

ಕಾದಂಬರಿ ಮಗಳಿಗೆ ಈಗ ಬೇಡ ಅಂದೆ. ಅದರಲ್ಲಿ ಮಗುವಿನ ಮೇಲಿನ ಹಿಂಸೆ, ಲೈಂಗಿಕ ದೌರ್ಜನ್ಯ, ಯುದ್ಧದ ಕ್ರೌರ್ಯ ಎಲ್ಲಾ ಇದೆ. ಕೊನೆಯ ಭಾಗ ದೊಡ್ಡವರಿಗೇ ಕಷ್ಟ. ಇಂಗ್ಲಿಷ್ ಕೂಡ ಬೇಕೆಂದೇ ಹಳೇ ಕಾಲದ ಶೈಲಿಯಲ್ಲಿದೆ. ಚೀನಾದ ಜನರನ್ನು ತೋರಿಸಿದ ರೀತಿಗೆ ಟೀಕೆಯೂ ಇದೆ, ಆ ಟೀಕೆ ನನಗೂ ಸರಿ ಅನ್ನಿಸುತ್ತದೆ. ಒಬ್ಬ ಬಿಳಿ ಹುಡುಗಿಗೆ ಹೆಸರು, ಕಥೆ, ಮನಸ್ಸು ಎಲ್ಲಾ ಸಿಕ್ಕಿತು. ಎರಡೂವರೆ ಲಕ್ಷ ಚೀನೀ ಹುಡುಗಿಯರು ಅವಳ ಸೈನ್ಯವಾಗಿ ಉಳಿದರು. ಮಗಳು ಪಿಯುಸಿ ಮುಗಿಸಿದ ಮೇಲೆ ಕೊಡಿ, ಕೊಟ್ಟಾಗ ಆ ಹುಡುಗಿಯರ ಬಗ್ಗೆ ಅವಳಿಗೆ ಏನನ್ನಿಸಿತು ಅಂತ ಕೇಳಿ. ಅಲ್ಲಿಯವರೆಗೆ ನೆಲ್, ಅವಳ ಬೊಂಬೆಗಳು, ಅಣ್ಣ ತಂದ ಪುಸ್ತಕ, ಇಷ್ಟು ಕಥೆಯನ್ನು ನೀವೇ ಇಬ್ಬರು ಹುಡುಗಿಯರಿಗೂ ಬಾಯಲ್ಲಿ ಹೇಳಬಹುದು. ಮೊದಲ ಅರ್ಧ ಹಾಗೆ ಹೇಳೋಕೆ ಚೆನ್ನಾಗಿ ಒಗ್ಗುತ್ತದೆ.